ಫ್ಯಾಂಟಸಿ ಫುಟ್‌ಬಾಲ್ ಲೀಗ್ ನಡೆಸ್ತೀರಾ? ಡ್ರಾಫ್ಟ್‌ಗೆ ಮುಂಚೆ ರೂಲ್ಸು, ಸ್ಕೋರಿಂಗು ಕೂರ್ಸೋದು ಹಿಂಗೆ

ಫ್ಯಾಂಟಸಿ ಅಂದ್ರೆ ನಿಜವಾದ ಆಟಗಾರರನ್ನ ಡ್ರಾಫ್ಟಲ್ಲಿ (ಸರದಿ ಪ್ರಕಾರ ಇಲ್ಲಾ ಹರಾಜಲ್ಲಿ) ಆರಿಸಿ ನಮ್ಮದೇ ಟೀಮ್ ಕಟ್ಕೊಳ್ಳೋದು, ಅವರು ನಿಜವಾದ ಮ್ಯಾಚಲ್ಲಿ ಆಡಿದ್ದಕ್ಕೆ ನಮಗೆ ಪಾಯಿಂಟು, ವಾರಕ್ಕೊಬ್ಬ ಎದುರಾಳಿ. ನಮ್ಮ ಲೀಗಿನ ಎರಡನೇ ವರ್ಷ, ಸೆಮಿಫೈನಲ್ಲು. ಸೋಮವಾರ ರಾತ್ರಿ ಮ್ಯಾಚ್ ಮುಗೀತು, ಆ್ಯಪ್ ತೆಗೆದು ನೋಡಿದ್ರೆ 112 – 112. ದಶಾಂಶದ ಪಾಯಿಂಟ್ಸ್ ಕೊಡೋ ಸೆಟ್ಟಿಂಗ್ ಆಫ್ ಇತ್ತು, ಟೈ ಆದ್ರೆ ಏನು ಮಾಡೋದು ಅಂತ ಯಾರೂ ಬರೆದಿಟ್ಟಿರ್ಲಿಲ್ಲ, ಕಮಿಷನರ್ (ಲೀಗ್ ನಡೆಸೋನು) ಬೇರೆ ನಾನೇ. ಒಬ್ಬ ಬೆಂಚ್ ಪಾಯಿಂಟ್ಸ್, ಅಂದ್ರೆ ಆಡ್ಸದೇ ಕೂರಿಸಿದೋರ ಪಾಯಿಂಟ್ಸ್ ನೋಡು ಅಂತಾನೆ (ಅವನ ಬೆಂಚಲ್ಲಿ ಜಾಸ್ತಿ ಇತ್ತು), ಇನ್ನೊಬ್ಬ ಟೇಬಲ್ಲಲ್ಲಿ ಮೇಲಿರೋನು ಗೆದ್ದಂಗೆ ಅಂತಾನೆ (ಮೇಲಿದ್ದೋನು ಅವ್ನೇ). ಎರಡೂ ನ್ಯಾಯವಾದ ರೂಲೇ, ಆದ್ರೆ ಆ ಹೊತ್ತಲ್ಲಿ ನಾನು ಯಾವ್ದನ್ನ ಹೇಳಿದ್ರೂ ಒಬ್ಬನ ಕುತ್ತಿಗೆಗೆ ಬರುತ್ತೆ. ಕೊನೆಗೆ ನಾಣ್ಯ ಚಿಮ್ಮಿದ್ವಿ. ಸೋತೋನು ಮುಂದಿನ ವರ್ಷ ಆಡೋಕೆ ಬರ್ಲೇ ಇಲ್ಲ.

ಅಲ್ಲಿಂದೀಚೆಗೆ ನಾನು ಹಿಡ್ಕೊಂಡಿರೋದು ಒಂದೇ ಮಾತು. ರೂಲ್ ಯಾವ್ದು ಅನ್ನೋದಕ್ಕಿಂತ ಅದನ್ನ ಯಾವಾಗ ಬರೆದ್ವಿ ಅನ್ನೋದೇ ಮುಖ್ಯ. ಯಾರ ಟೀಮಲ್ಲಿ ಯಾರಿದ್ದಾರೆ ಅಂತ ಗೊತ್ತಾಗೋಕೆ ಮುಂಚೆ ಬರೆದಿದ್ದು ರೂಲು, ಆಮೇಲೆ ಬರೆದಿದ್ದೆಲ್ಲ ಪಕ್ಷಪಾತ.

ಇಲ್ಲಿ ಫುಟ್‌ಬಾಲ್ ಅಂದ್ರೆ ಅಮೆರಿಕದ್ದು, ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ದು. ಕಾಲಲ್ಲಿ ಒದೆಯೋ ಫುಟ್‌ಬಾಲಿನ ಫ್ಯಾಂಟಸಿ ಬೇರೆ, ಅದರ ಲೆಕ್ಕಾನೇ ಬೇರೆ. ಈ ಆಟ ಶುರುವಾಗಿದ್ದು 1962ರಲ್ಲಿ, ಓಕ್ಲೆಂಡ್ ರೇಡರ್ಸ್ ತಂಡದಲ್ಲಿ ಪಾಲು ಇಟ್ಕೊಂಡಿದ್ದ ಬಿಲ್ ವಿಂಕೆನ್‌ಬಾಕ್ ಅನ್ನೋರು ತಂಡದ ಜೊತೆ ನ್ಯೂಯಾರ್ಕಿಗೆ ಹೋದಾಗ ಹೋಟೆಲಲ್ಲಿ ಇನ್ನೊಂದಿಬ್ಬರ ಜೊತೆ ಕೂತು ರೂಲ್ಸ್ ಬರೆದ್ರು, ಮುಂದಿನ ವರ್ಷ 8 ಟೀಮ್ ಇಟ್ಕೊಂಡು ಮೊದಲನೇ ಡ್ರಾಫ್ಟ್ ಆಯ್ತು. ಗಮನಿಸಿ, ಅವರೂ ಮೊದ್ಲು ರೂಲ್ಸ್ ಬರೆದು ಆಮೇಲೆ ಆಟಗಾರರನ್ನ ಆರಿಸಿದ್ದು.

ಮೊದ್ಲು ತಲೆ ಎಣಿಸಿ

ಎಷ್ಟು ಟೀಮು ಅನ್ನೋದ್ರಿಂದ ಶುರು ಮಾಡಿ, ಉಳಿದಿದ್ದೆಲ್ಲ ಅದರ ಮೇಲೆ ನಿಂತಿರುತ್ತೆ. 8, 10, 12, 14, ಯಾವ್ದಾದ್ರೂ ಆಗ್ಲಿ, ಸರಿ ಸಂಖ್ಯೆ ಇರ್ಲಿ. 11 ಜನ ಸಿಕ್ರೆ ಪ್ರತಿ ವಾರ ಒಬ್ಬನಿಗೆ ಎದುರಾಳಿ ಇರಲ್ಲ, ಆ ತಲೆನೋವು ಬೇಡ, ಇನ್ನೊಬ್ಬನ್ನ ಹುಡುಕಿ. ಹೊಸಬರೇ ಜಾಸ್ತಿ ಇದ್ರೆ 10 ಸಾಕು, ಎಲ್ಲರಿಗೂ ಒಳ್ಳೆ ಟೀಮ್ ಸಿಗುತ್ತೆ. ಆಟ ಚೆನ್ನಾಗಿ ಗೊತ್ತಿರೋರಿಗೆ 12. 14 ಆದ್ರೆ ಮೂರನೇ ವಾರಕ್ಕೆ ಒಬ್ಬ ರನ್ನಿಂಗ್ ಬ್ಯಾಕ್‌ಗೆ (ಬಾಲ್ ಹಿಡ್ಕೊಂಡು ಓಡೋನು) ಏಟು ಬಿತ್ತು ಅಂದ್ರೆ ಬದಲಿಗೆ ಹಾಕೋಕೆ ಹೊರಗಡೆ ಒಂದು ನರಪಿಳ್ಳೆನೂ ಸಿಗಲ್ಲ, ಅದನ್ನ ಇಷ್ಟಪಡೋರೂ ಇದ್ದಾರೆ, ನಾನಲ್ಲ.

ಪ್ರತಿ ವರ್ಷ ಹೊಸದಾಗಿ ಡ್ರಾಫ್ಟ್ ಮಾಡೋ ರೀಡ್ರಾಫ್ಟಾ, ಒಂದಿಬ್ಬರನ್ನ ಉಳಿಸ್ಕೊಳ್ಳೋ ಕೀಪರಾ, ಪೂರ್ತಿ ಟೀಮನ್ನೇ ವರ್ಷಾನುಗಟ್ಟಲೆ ಇಟ್ಕೊಳ್ಳೋ ಡೈನಾಸ್ಟಿನಾ ಅಂತ ಈಗ್ಲೇ ತೀರ್ಮಾನ ಮಾಡಿ. ಮೊದಲನೇ ವರ್ಷ ರೀಡ್ರಾಫ್ಟ್ ಮಾಡಿ ಅಂತೀನಿ, ಕಣ್ಣು ಮುಚ್ಕೊಂಡು. ಡೈನಾಸ್ಟಿ ಅಂದ್ರೆ ಮದುವೆ ಇದ್ದಂಗೆ, ಜೊತೆಗಿರೋರು ಎಂಥೋರು ಅಂತ ಗೊತ್ತಿಲ್ದೆ ಕೈ ಹಾಕ್ಬೇಡಿ.

ಟೀಮಲ್ಲಿ ಯಾವ ಜಾಗ ಎಷ್ಟು

ಮಾಮೂಲಿ ಜೋಡಣೆ ಹಿಂಗಿರುತ್ತೆ: ಕ್ವಾರ್ಟರ್‌ಬ್ಯಾಕ್ (ಬಾಲ್ ಎಸೆಯೋನು) 1, ರನ್ನಿಂಗ್ ಬ್ಯಾಕ್ 2, ವೈಡ್ ರಿಸೀವರ್ (ಎಸೆದ ಬಾಲನ್ನ ಓಡಿ ಹಿಡಿಯೋನು) 2, ಟೈಟ್ ಎಂಡ್ (ಎದುರಾಳಿನ ತಡೆಯೋದರ ಜೊತೆ ಕ್ಯಾಚೂ ಹಿಡಿಯೋನು) 1, ಫ್ಲೆಕ್ಸ್ 1 (ರನ್ನಿಂಗ್ ಬ್ಯಾಕ್, ರಿಸೀವರ್, ಟೈಟ್ ಎಂಡ್ ಮೂವರಲ್ಲಿ ಯಾರನ್ನಾದ್ರೂ ಹಾಕ್ಬಹುದು), ಕಿಕ್ಕರ್ (ಬಾಲ್ ಒದ್ದು ಪಾಯಿಂಟ್ ತರೋನು) 1, ಡಿಫೆನ್ಸ್ (ಒಬ್ಬನಲ್ಲ, ಒಂದು ತಂಡದ ಪೂರ್ತಿ ರಕ್ಷಣಾ ಪಡೆ) 1. ಒಟ್ಟು 9. ಬೆಂಚ್ 6 ಇಟ್ರೆ 15 ಆಯ್ತು, ಅಂದ್ರೆ ಡ್ರಾಫ್ಟ್ 15 ರೌಂಡು. ಜೊತೆಗೆ ಗಾಯಗೊಂಡೋರಿಗೆ ಒಂದು ಐಆರ್ (ಇಂಜರ್ಡ್ ರಿಸರ್ವ್) ಜಾಗ ಕೊಡಿ, ಬೇಕಿದ್ರೆ ಎರಡು. ಅದಕ್ಕೊಂದು ರೂಲ್ ಬೇಕು, ಅಧಿಕೃತವಾಗಿ ಔಟ್ ಅಥವಾ ಐಆರ್ ಅಂತ ಇರೋರನ್ನ ಮಾತ್ರ ಅಲ್ಲಿಡ್ಬಹುದು, ಡೌಟ್‌ಫುಲ್ ಅಂತಿರೋರನ್ನ ಇಡಂಗಿಲ್ಲ ಅಂತ. ಇಲ್ಲಾಂದ್ರೆ ಜನ ಅದನ್ನ ಎಕ್ಸ್‌ಟ್ರಾ ಬೆಂಚ್ ಮಾಡ್ಕೊಂಡ್ಬಿಡ್ತಾರೆ.

ಇಲ್ಲಿ ಒಂದು ಲೆಕ್ಕ ಮಾಡ್ಲೇಬೇಕು. ಎನ್‌ಎಫ್‌ಎಲಲ್ಲಿ ಇರೋದು 32 ತಂಡ, ಅಂದ್ರೆ ವಾರಕ್ಕೆ ಆಡೋ ಕ್ವಾರ್ಟರ್‌ಬ್ಯಾಕ್ ಹೆಚ್ಚೂ ಕಮ್ಮಿ 32 ಜನ. 12 ಟೀಮಿನ ಲೀಗಲ್ಲಿ ಒಂದೊಂದೇ ಜಾಗ ಇದ್ರೆ ಬೇಕಾಗಿರೋದು 12, ಉಳಿದ 20 ಜನ ಸುಮ್ನೆ ಹೊರಗಿರ್ತಾರೆ, ಅದಕ್ಕೇ ಕ್ವಾರ್ಟರ್‌ಬ್ಯಾಕ್‌ಗಳನ್ನ ಡ್ರಾಫ್ಟಲ್ಲಿ ತಡವಾಗಿ ತಗೋತಾರೆ. ಸೂಪರ್‌ಫ್ಲೆಕ್ಸ್ ಅಂತ ಇನ್ನೊಂದು ಜಾಗ ಸೇರಿಸಿ ಅಲ್ಲಿ ಎರಡನೇ ಕ್ವಾರ್ಟರ್‌ಬ್ಯಾಕ್ ಆಡ್ಸೋಕೆ ಬಿಟ್ರೆ 24 ಜನ ಬೇಕು, ಪೂರ್ತಿ ಡ್ರಾಫ್ಟ್ ತಲೆಕೆಳಗಾಗುತ್ತೆ, ಮಜಾನೂ ಬರುತ್ತೆ. ಅದೇ 14 ಟೀಮಲ್ಲಿ ಸೂಪರ್‌ಫ್ಲೆಕ್ಸ್ ಹಾಕಿದ್ರೆ 28 ಬೇಕು, ಬೈ ವಾರಗಳಲ್ಲಿ ನಾಲ್ಕಾರು ತಂಡ ರಜೆ ಇರುತ್ತೆ, ಆಗ ಏನ್ಮಾಡ್ತೀರಾ? ಆ ಎರಡನ್ನ ಸೇರಿಸ್ಬೇಡಿ.

ಯಾವ ಆಟಗಾರ ಯಾವ ಜಾಗಕ್ಕೆ ಸೇರ್ತಾನೆ ಅನ್ನೋದನ್ನೂ ಬರೀರಿ, ಒಂದೇ ಲೈನು: ಆ್ಯಪ್ ಏನು ಹೇಳುತ್ತೋ ಅದೇ. 2020ರ ನವೆಂಬರಲ್ಲಿ ಸೇಂಟ್ಸ್ ತಂಡ ಟೇಸಮ್ ಹಿಲ್‌ನ ಕ್ವಾರ್ಟರ್‌ಬ್ಯಾಕ್ ಆಗಿ ಇಳಿಸ್ತು, ಆದ್ರೆ ಇಎಸ್‌ಪಿಎನ್ ಆ್ಯಪಿನ ಲೀಗುಗಳಲ್ಲಿ ಅವನು ಟೈಟ್ ಎಂಡ್ ಜಾಗಕ್ಕೂ ಹೋಗ್ತಿದ್ದ. ಬಾಲ್ ಎಸೆಯೋ ಟೈಟ್ ಎಂಡ್ ಸಿಕ್ಕೋರಿಗೆ ಹಬ್ಬ, ಎದುರಾಳಿಗೆ ಹೊಟ್ಟೆಯುರಿ, ಮತ್ತೆ ಎಷ್ಟೋ ಕಮಿಷನರ್‌ಗಳಿಗೆ ಆ ವಾರ ನಿದ್ದೆ ಇಲ್ಲ.

ಸ್ಕೋರಿಂಗ್, ಇಲ್ಲಿ ನಿಧಾನವಾಗಿ ಕೂತ್ಕೊಳ್ಳಿ

ಅಡಿಪಾಯ ಎಲ್ಲಾ ಕಡೆ ಹೆಚ್ಚೂ ಕಮ್ಮಿ ಒಂದೇ. ಪಾಸಿಂಗ್ (ಎಸೆತ) 25 ಯಾರ್ಡ್‌ಗೆ 1 ಪಾಯಿಂಟು, ಪಾಸಿಂಗ್ ಟಚ್‌ಡೌನ್‌ಗೆ (ಬಾಲನ್ನ ಎದುರಾಳಿಯ ಗೋಲ್ ಗೆರೆ ದಾಟಿಸೋದು) 4, ಇಂಟರ್‌ಸೆಪ್ಷನ್ (ಎಸೆದ ಬಾಲ್ ಎದುರಾಳಿ ಕೈಗೆ ಹೋಗೋದು) ಆದ್ರೆ ಮೈನಸ್ 2 (ಕೆಲವರು ಮೈನಸ್ 1 ಇಡ್ತಾರೆ). ಓಟಕ್ಕೂ ಕ್ಯಾಚಿಗೂ 10 ಯಾರ್ಡ್‌ಗೆ 1, ಟಚ್‌ಡೌನ್‌ಗೆ 6. ಟು ಪಾಯಿಂಟ್ ಕನ್ವರ್ಷನ್‌ಗೆ (ಟಚ್‌ಡೌನ್ ಆದ್ಮೇಲೆ ಒದೆಯೋ ಬದಲು ಮತ್ತೊಂದು ಸಲ ಗೆರೆ ದಾಟಿಸೋದು) 2. ಫಂಬಲ್ ಮಾಡಿ, ಅಂದ್ರೆ ಕೈ ಜಾರಿಸಿ ಬಾಲ್ ಕಳ್ಕೊಂಡ್ರೆ ಮೈನಸ್ 2, ಬಾಲ್ ಬಿಟ್ಟು ತನ್ನ ತಂಡವೇ ಮತ್ತೆ ಹಿಡ್ಕೊಂಡ್ರೆ ಏನೂ ಇಲ್ಲ.

ಮೊದಲನೇ ಕೆಲಸ, ದಶಾಂಶ ಆನ್ ಮಾಡಿ. ಒಬ್ಬ ರನ್ನಿಂಗ್ ಬ್ಯಾಕ್ 73 ಯಾರ್ಡ್ ಓಡಿದ, 5 ಕ್ಯಾಚಲ್ಲಿ 38 ಯಾರ್ಡ್, ಒಂದು ಟಚ್‌ಡೌನ್, ಒಂದು ಫಂಬಲ್ ಕಳ್ಕೊಂಡ ಅಂತ ಇಟ್ಕೊಳ್ಳಿ. ದಶಾಂಶ ಇದ್ರೆ 7.3 + 3.8 + 6 – 2, ಒಟ್ಟು 15.1. ದಶಾಂಶ ಇಲ್ದಿದ್ರೆ 7 + 3 + 6 – 2, ಬರೀ 14. ಅವನು ಕಷ್ಟಪಟ್ಟು ಓಡಿದ 11 ಯಾರ್ಡು ಗಾಳಿಗೆ ಹೋಯ್ತು. ಜೊತೆಗೆ ಟೈ ಆಗೋದೂ ತುಂಬಾ ಕಮ್ಮಿ ಆಗುತ್ತೆ, ನಮ್ಮ 112 – 112 ಕಥೆ ಗೊತ್ತಲ್ಲ.

ಎರಡನೇದು, ಎಲ್ಲಕ್ಕಿಂತ ದೊಡ್ಡದು: ಕ್ಯಾಚ್ ಹಿಡಿದಿದ್ದಕ್ಕೇ ಪಾಯಿಂಟ್ ಕೊಡ್ತೀರಾ ಅನ್ನೋದು. ಕೊಡದಿದ್ರೆ ಸ್ಟ್ಯಾಂಡರ್ಡ್, ಕ್ಯಾಚ್‌ಗೆ ಅರ್ಧ ಕೊಟ್ರೆ ಹಾಫ್ ಪಿಪಿಆರ್ (ಪಾಯಿಂಟ್ ಪರ್ ರಿಸೆಪ್ಷನ್), ಒಂದು ಕೊಟ್ರೆ ಫುಲ್ ಪಿಪಿಆರ್. ಮೇಲಿನ ಅದೇ ಆಟಗಾರ ಸ್ಟ್ಯಾಂಡರ್ಡಲ್ಲಿ 15.1, ಹಾಫಲ್ಲಿ 17.6, ಫುಲ್ಲಲ್ಲಿ 20.1. ಒಂದು ವಾರಕ್ಕೆ ಸಣ್ಣದು ಅನ್ಸುತ್ತೆ, ಇಡೀ ಸೀಸನ್ ನೋಡಿ. 2019ರಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿ 116 ಕ್ಯಾಚ್ ಹಿಡಿದ, ಅಂದ್ರೆ ಫುಲ್ ಪಿಪಿಆರಲ್ಲಿ ಅವನಿಗೆ ಕ್ಯಾಚಿಂದ್ಲೇ 116 ಪಾಯಿಂಟು. 2020ರಲ್ಲಿ ಡೆರಿಕ್ ಹೆನ್ರಿ 2027 ಯಾರ್ಡ್ ಓಡಿದ, ಆದ್ರೆ ಹಿಡಿದ ಕ್ಯಾಚು ಬರೀ 19. ಇಬ್ಬರೂ ರನ್ನಿಂಗ್ ಬ್ಯಾಕೇ, ಇಬ್ಬರೂ ಆಯಾ ವರ್ಷ ರಾಕ್ಷಸರ ಥರ ಆಡಿದ್ರು, ಆದ್ರೂ ಒಂದು ಸೆಟ್ಟಿಂಗ್ ಬದಲಾಯ್ಸಿದ್ರೆ ಒಬ್ಬನಿಗೆ 116 ಸೇರುತ್ತೆ, ಇನ್ನೊಬ್ಬನಿಗೆ 19. ಅದಕ್ಕೇ ಡ್ರಾಫ್ಟ್ ಆದ್ಮೇಲೆ ಇದನ್ನ ಮುಟ್ಟೋದು ಮಹಾಪಾಪ.

ನನ್ನ ಆಯ್ಕೆ ಹಾಫ್. ಫುಲ್ಲಲ್ಲಿ ಎರಡು ಯಾರ್ಡಿನ ಪುಟಾಣಿ ಕ್ಯಾಚಿಗೆ 1.2 ಬರುತ್ತೆ, ಅದೇ ಎದೆ ಕೊಟ್ಟು ಗುದ್ದಾಡಿ 11 ಯಾರ್ಡ್ ಓಡಿದೋನಿಗೆ 1.1, ಇದು ನನಗೆ ಯಾಕೋ ಒಗ್ಗಲ್ಲ. ಸ್ಟ್ಯಾಂಡರ್ಡಲ್ಲಿ ಮತ್ತೆ ರಿಸೀವರ್‌ಗಳು ಸೊರಗ್ತಾರೆ. ಇನ್ನು ಟೈಟ್ ಎಂಡ್‌ಗಳಲ್ಲಿ ಒಳ್ಳೆಯೋರು ಕಮ್ಮಿ ಅಂತ ಕೆಲವರು ಅವರಿಗೆ ಮಾತ್ರ ಕ್ಯಾಚಿಗೆ 1.5 ಕೊಡ್ತಾರೆ, ಅದನ್ನ ಒಂದೆರಡು ವರ್ಷ ಆಡಿದ್ಮೇಲೆ ನೋಡ್ಕೊಳ್ಳಿ.

ಮೂರನೇದು, ಪಾಸಿಂಗ್ ಟಚ್‌ಡೌನ್‌ಗೆ 4 ಇಡೋದಾ, 6 ಇಡೋದಾ. ಎಲ್ಲಾ ಟಚ್‌ಡೌನೂ ಒಂದೇ ತಾನೇ, 6 ಕೊಡೋಣ ಅಂತ ಪ್ರತಿ ವರ್ಷ ಯಾರಾದ್ರೂ ಒಬ್ಬ ಬಂದೇ ಬರ್ತಾನೆ. 2018ರಲ್ಲಿ ಪ್ಯಾಟ್ರಿಕ್ ಮಹೋಮ್ಸ್ 50 ಟಚ್‌ಡೌನ್ ಪಾಸ್ ಎಸೆದ. 4ರ ಲೆಕ್ಕದಲ್ಲಿ 200, 6ರಲ್ಲಿ 300. ನೂರು ಪಾಯಿಂಟ್ ವ್ಯತ್ಯಾಸ ಸ್ವಾಮಿ. 2019ರಲ್ಲಿ ಲಮಾರ್ ಜ್ಯಾಕ್ಸನ್ 36 ಎಸೆದ, ಅವನಿಗೆ ವ್ಯತ್ಯಾಸ 72. ಆದ್ರೆ ಅವನು ಅದೇ ವರ್ಷ 1206 ಯಾರ್ಡ್ ಓಡಿ 7 ಟಚ್‌ಡೌನ್ ಕೂಡ ಹೊಡೆದ, ಕಾಲಿಂದ್ಲೇ 162.6. ಅಂದ್ರೆ 4 ಇಟ್ರೆ ಓಡೋ ಕ್ವಾರ್ಟರ್‌ಬ್ಯಾಕ್‌ಗೆ ಬೆಲೆ ಜಾಸ್ತಿ, 6 ಇಟ್ರೆ ನಿಂತು ಎಸೆಯೋನೂ ಅವನಿಗೆ ಸ್ವಲ್ಪ ಹತ್ರ ಬರ್ತಾನೆ. ಯಾವ್ದೂ ತಪ್ಪಲ್ಲ, ನಿಮ್ಮ ಲೀಗ್ ಏನನ್ನ ಇಷ್ಟಪಡುತ್ತೆ ಅಂತ ನೋಡಿ. ಸೂಪರ್‌ಫ್ಲೆಕ್ಸ್ ಇದ್ರೆ ಮಾತ್ರ 4ಕ್ಕೇ ನಿಲ್ಸಿ, ಅಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಆಗ್ಲೇ ಕೋಡು ಬಂದಿರುತ್ತೆ.

ಬೋನಸ್ ಪಾಯಿಂಟ್ಸ್ ಬಗ್ಗೆ. 100 ಯಾರ್ಡ್ ದಾಟಿದ್ರೆ 3 ಬೋನಸ್ ಅಂತ ಇಡೋರಿದ್ದಾರೆ. 99 ಯಾರ್ಡ್ ಓಡಿದೋನಿಗೆ 9.9, 100 ಓಡಿದೋನಿಗೆ 13. ಒಂದು ಯಾರ್ಡ್‌ಗೆ 3.1. ಆಮೇಲೆ ಮಂಗಳವಾರ ಯಾರೋ ಲೆಕ್ಕ ತಿದ್ದಿ ಆ ಒಂದು ಯಾರ್ಡ್ ಕಿತ್ಕೊಂಡ್ರೆ ಜಗಳ ನೋಡ್ಬೇಕು ನೀವು. ನಾನು ಬೋನಸ್ ಇಡಲ್ಲ.

ಕಿಕ್ಕರ್‌ಗೆ ಮಾಮೂಲಿ: ಎಕ್ಸ್‌ಟ್ರಾ ಪಾಯಿಂಟ್‌ಗೆ (ಟಚ್‌ಡೌನ್ ಆದ್ಮೇಲಿನ ಒದೆತ) 1, ಫೀಲ್ಡ್ ಗೋಲ್ (ಬಾಲನ್ನ ಕಂಬಗಳ ಮಧ್ಯೆ ಒದೆಯೋದು) 39 ಯಾರ್ಡ್ ತನಕ 3, 40ರಿಂದ 49ಕ್ಕೆ 4, 50 ಮೇಲೆ 5. 2021ರಲ್ಲಿ ಜಸ್ಟಿನ್ ಟಕರ್ ಲಯನ್ಸ್ ಮೇಲೆ 66 ಯಾರ್ಡಿಂದ ಹೊಡೆದ, ಬಾಲ್ ಅಡ್ಡಕಂಬಕ್ಕೆ ಬಡಿದು ಪುಟಿದು ಆಚೆ ಬಿತ್ತು, ಅದಕ್ಕೂ ಇದರಲ್ಲಿ ಬರೀ 5. ಬೇಕಿದ್ರೆ 60 ಮೇಲೆ 6 ಮಾಡ್ಕೊಳ್ಳಿ. ಕಿಕ್ಕರ್ ಜಾಗನೇ ತೆಗೆದ್ಹಾಕಿ ಇನ್ನೊಂದು ಫ್ಲೆಕ್ಸ್ ಇಡೋ ಲೀಗುಗಳೂ ಇವೆ, ಅದೂ ನಡೆಯುತ್ತೆ.

ಡಿಫೆನ್ಸ್ ಸ್ವಲ್ಪ ಜಿಗುಟು. ಸ್ಯಾಕ್‌ಗೆ (ಎಸೆಯೋಕೆ ಮುಂಚೆನೇ ಕ್ವಾರ್ಟರ್‌ಬ್ಯಾಕ್‌ನ ಕೆಡವೋದು) 1, ಇಂಟರ್‌ಸೆಪ್ಷನ್‌ಗೆ 2, ಫಂಬಲ್ ವಶ ಮಾಡ್ಕೊಂಡ್ರೆ 2, ಸೇಫ್ಟಿಗೆ (ಬಾಲ್ ಇರೋನನ್ನ ಅವನದೇ ಗೋಲ್ ಗೆರೆ ಹಿಂದೆ ಕೆಡವೋದು) 2, ಟಚ್‌ಡೌನ್‌ಗೆ 6. ಇದರ ಮೇಲೆ ಎದುರು ತಂಡಕ್ಕೆ ಎಷ್ಟು ಬಿಟ್ಕೊಟ್ರು ಅನ್ನೋ ಲೆಕ್ಕ: ಏನೂ ಬಿಡದಿದ್ರೆ 10, 1ರಿಂದ 6 ಬಿಟ್ರೆ 7, 7ರಿಂದ 13ಕ್ಕೆ 4, 14ರಿಂದ 20ಕ್ಕೆ 1, 21ರಿಂದ 27ಕ್ಕೆ ಸೊನ್ನೆ, 28ರಿಂದ 34ಕ್ಕೆ ಮೈನಸ್ 1, 35 ಮೇಲೆ ಮೈನಸ್ 4. ಇಲ್ಲಿ ಎರಡು ಗುಂಡಿ ಇದೆ, ನೋಡ್ಕೊಂಡು ಕಾಲಿಡಿ. ಒಂದು, ನಿಮ್ಮ ಡಿಫೆನ್ಸ್ ಇರೋ ಎನ್‌ಎಫ್‌ಎಲ್ ತಂಡದ ಕ್ವಾರ್ಟರ್‌ಬ್ಯಾಕ್ ಎಸೆದ ಬಾಲನ್ನ ಎದುರಾಳಿ ಹಿಡಿದು ಟಚ್‌ಡೌನ್ ಮಾಡಿದ್ರೆ ಆ 6 ಪಾಯಿಂಟನ್ನ ನಿಮ್ಮ ಡಿಫೆನ್ಸ್ ಲೆಕ್ಕಕ್ಕೆ ಹಾಕ್ತಾರಾ ಇಲ್ವಾ, ಪಾಪ ಅವರು ಮೈದಾನದಲ್ಲೇ ಇರ್ಲಿಲ್ಲ. ಎರಡು, ಕಿಕ್ ರಿಟರ್ನಲ್ಲಿ (ಎದುರಾಳಿ ಒದ್ದ ಬಾಲ್ ಹಿಡಿದು ವಾಪಸ್ ಓಡೋದು) ಟಚ್‌ಡೌನ್ ಆದ್ರೆ ಪಾಯಿಂಟು ಡಿಫೆನ್ಸ್‌ಗಾ, ಓಡಿದ ಆಟಗಾರನಿಗಾ, ಇಬ್ಬರಿಗೂನಾ. ಆ್ಯಪಿಂದ ಆ್ಯಪಿಗೆ ಇದು ಬೇರೆ ಬೇರೆ, ನಿಮ್ಮದರಲ್ಲಿ ಏನಿದೆ ನೋಡಿ ಅದನ್ನೇ ಡಾಕ್ಯುಮೆಂಟಲ್ಲಿ ಬರೀರಿ.

ಹೋದ ವರ್ಷದ ಅಂಕಿ ಹಾಕಿ ಪರೀಕ್ಷೆ ಮಾಡಿ

ಈ ಕೆಲಸ ಯಾರೂ ಮಾಡಲ್ಲ, ಮಾಡ್ಬೇಕು. ಒಂದು ಸ್ಪ್ರೆಡ್‌ಶೀಟ್ ತೆಗೀರಿ, ಹಿಂದಿನ ಸೀಸನ್ನಿನ ಅಂಕಿಅಂಶ ಹಾಕಿ, ನಿಮ್ಮ ಸ್ಕೋರಿಂಗ್ ಪ್ರಕಾರ ಪ್ರತಿ ಜಾಗದ ಟಾಪ್ ಆಟಗಾರರ ಒಟ್ಟು ಪಾಯಿಂಟ್ ತೆಗೀರಿ. ಬರೀ ಮೊದಲನೇ ಆಟಗಾರನ್ನ ನೋಡ್ಬೇಡಿ. 12 ಟೀಮಿನ ಲೀಗಾದ್ರೆ ಮೊದಲನೇ ಕ್ವಾರ್ಟರ್‌ಬ್ಯಾಕ್‌ಗೂ ಹನ್ನೆರಡನೇ ಕ್ವಾರ್ಟರ್‌ಬ್ಯಾಕ್‌ಗೂ ಎಷ್ಟು ಅಂತರ, ಮೊದಲನೇ ರನ್ನಿಂಗ್ ಬ್ಯಾಕ್‌ಗೂ ಇಪ್ಪತ್ನಾಲ್ಕನೇಯವನಿಗೂ ಎಷ್ಟು, ಹಂಗೇ ರಿಸೀವರ್ರು, ಟೈಟ್ ಎಂಡು, ಡಿಫೆನ್ಸು. ಆ ಅಂತರವೇ ಆಯಾ ಜಾಗದ ನಿಜವಾದ ಬೆಲೆ. ಡಿಫೆನ್ಸ್‌ನ ಅಂತರ ರಿಸೀವರ್‌ಗಳ ಅಂತರಕ್ಕಿಂತ ದೊಡ್ಡದಾಗಿದ್ರೆ ಎಲ್ಲೋ ಎಡವಟ್ಟಾಗಿದೆ ಅಂತ ಅರ್ಥ.

ನಾವು ಒಂದು ವರ್ಷ ಮಜಾ ಇರ್ಲಿ ಅಂತ ಸ್ಯಾಕ್‌ಗೆ 2, ಇಂಟರ್‌ಸೆಪ್ಷನ್‌ಗೆ 4 ಮಾಡಿದ್ವಿ. ಮೂರನೇ ವಾರದಲ್ಲೇ ಒಬ್ಬನ ಡಿಫೆನ್ಸ್ ಅವನ ಮೊದಲ ಮೂರು ರೌಂಡಿನ ಆಟಗಾರರಿಗಿಂತ ಜಾಸ್ತಿ ಹೊಡೀತು, ಡ್ರಾಫ್ಟಲ್ಲಿ ಆ ಡಿಫೆನ್ಸನ್ನ ಅವನು ತಗೊಂಡಿದ್ದು ಕೊನೆ ರೌಂಡಲ್ಲಿ. ಸೀಸನ್ ಮಧ್ಯೆ ಬದಲಾಯ್ಸೋ ಹಂಗಿಲ್ಲ, ಡಿಸೆಂಬರ್ ತನಕ ಎಲ್ಲರ ಕೈಲೂ ಬೈಸ್ಕೊಂಡು ಓಡಾಡ್ದೆ. ಅರ್ಧ ಗಂಟೆ ಸ್ಪ್ರೆಡ್‌ಶೀಟ್ ಮುಂದೆ ಕೂತಿದ್ರೆ ಅದು ಜುಲೈಯಲ್ಲೇ ಕಾಣ್ತಿತ್ತು.

ಡ್ರಾಫ್ಟ್

ಡ್ರಾಫ್ಟ್ ಎರಡು ಥರ, ಸ್ನೇಕು ಇಲ್ಲಾ ಹರಾಜು. ಸ್ನೇಕ್ ಅಂದ್ರೆ ಆರಿಸೋ ಸರದಿ ಹಾವಿನ ಥರ ಹೋಗಿ ತಿರುಗಿ ಬರೋದು. 12 ಟೀಮಲ್ಲಿ ಮೊದಲನೇಯವನಿಗೆ 1, 24, 25ನೇ ಆಯ್ಕೆ ಸಿಗುತ್ತೆ, ಕೊನೆಯವನಿಗೆ 12, 13, 36. ಮೊದಲನೇಯವನಿಗೆ ಲಾಭ ಜಾಸ್ತಿ ಅನ್ಸಿದ್ರೆ ಮೂರನೇ ರೌಂಡನ್ನ ಮತ್ತೆ ಕೊನೆಯವನಿಂದ್ಲೇ ಶುರು ಮಾಡ್ಬಹುದು, ಆಗ ಕೊನೆಯವನಿಗೆ 12, 13, 25, ಮೊದಲನೇಯವನಿಗೆ 1, 24, 36. ಡ್ರಾಫ್ಟ್ ಕ್ರಮವನ್ನ ಎಲ್ಲರ ಕಣ್ಣೆದುರಿಗೆ ಚೀಟಿ ಎತ್ತಿ ತೀರ್ಮಾನಿಸಿ, ಕನಿಷ್ಠ ವಾರ ಮುಂಚೆ.

ಹರಾಜು ನನಗಿಷ್ಟ. ಎಲ್ಲರಿಗೂ 200 ಡಾಲರ್ ಆಟದ ದುಡ್ಡು, ಯಾರು ಬೇಕಾದ್ರೂ ಯಾರನ್ನ ಬೇಕಾದ್ರೂ ಕೂಗ್ಬಹುದು, ಅದೃಷ್ಟದ ಮಾತಿಲ್ಲ. ಒಂದೇ ನಿರ್ಬಂಧ, ಉಳಿದಿರೋ ಪ್ರತಿ ಜಾಗಕ್ಕೂ ಕನಿಷ್ಠ ಒಂದು ಡಾಲರ್ ಕೈಲಿರ್ಬೇಕು, ಅಂದ್ರೆ 15 ಜಾಗ ಇದ್ರೆ ಮೊದಲನೇ ಕೂಗು 186 ದಾಟಂಗಿಲ್ಲ. ತುಂಬಾ ಹೊತ್ತು ಹಿಡಿಯುತ್ತೆ ಅನ್ನೋದೊಂದೇ ದೂರು. ಸ್ನೇಕಲ್ಲೂ ಟೈಮರ್ ಲೆಕ್ಕ ಹಾಕಿ: 12 ಟೀಮು, 15 ರೌಂಡು, 180 ಆಯ್ಕೆ, ಒಂದಕ್ಕೆ 90 ಸೆಕೆಂಡ್ ಕೊಟ್ಟು ಎಲ್ಲರೂ ಪೂರ್ತಿ ಬಳಸಿದ್ರೆ ನಾಲ್ಕೂವರೆ ಗಂಟೆ. 60 ಸೆಕೆಂಡ್ ಸಾಕು. ನೆಟ್ ಹೋದ್ರೆ, ಟೈಮ್ ಮುಗಿದು ಆ್ಯಪೇ ಯಾರನ್ನೋ ತಗೊಂಡ್ರೆ ಅದೇ ಖಾಯಂ ಅಂತ ಬರೆದಿಡಿ. ಇಲ್ಲಾಂದ್ರೆ ಕೊನೆ ರೌಂಡ್ ಹೊತ್ತಿಗೆ ಎಲ್ಲರ ನೆಟ್ಟೂ ಹೋಗಿರುತ್ತೆ.

ವೇವರ್, ಅಂದ್ರೆ ಹೊರಗಿರೋ ಆಟಗಾರರನ್ನ ತಗೊಳ್ಳೋದು

ಭಾನುವಾರ ಯಾವನೋ ಸ್ಟಾರ್‌ಗೆ ಏಟಾಯ್ತು, ಅವನ ಬದಲಿಗೆ ಬಂದ ಹುಡುಗ ಚೆನ್ನಾಗಿ ಆಡ್ದ, ಈಗ ಎಲ್ಲರಿಗೂ ಅವನೇ ಬೇಕು. ಯಾರು ಮೊದ್ಲು ಬಟನ್ ಒತ್ತಿದ್ರೋ ಅವರಿಗೆ ಅಂತ ಮಾಡ್ಬೇಡಿ, ಕೆಲಸ ಇಲ್ಲದೆ ಫೋನ್ ಹಿಡ್ಕೊಂಡು ಕೂತೋನೇ ಪ್ರತಿ ಸಲ ಗೆಲ್ತಾನೆ. ಸರದಿ ಪದ್ಧತಿ ಇದೆ, ಪರವಾಗಿಲ್ಲ. ಆದ್ರೆ ಒಳ್ಳೇದು ಗುಟ್ಟಿನ ಬಿಡ್ಡಿಂಗು: ಸೀಸನ್ ಪೂರ್ತಿಗೆ ಪ್ರತಿ ಟೀಮಿಗೆ 100 ಡಾಲರ್ ಆಟದ ದುಡ್ಡು, ಬುಧವಾರ ಬೆಳಗಿನ ಜಾವ ಬಿಡ್ ತೆರೆದುಕೊಳ್ಳುತ್ತೆ, ಜಾಸ್ತಿ ಹಾಕಿದೋನಿಗೆ ಆಟಗಾರ. ಸೊನ್ನೆ ಬಿಡ್‌ಗೂ ಅವಕಾಶ ಕೊಡಿ, ದುಡ್ಡು ಖಾಲಿಯಾದೋನು ಟೀಮ್ ಭರ್ತಿ ಮಾಡ್ಬೇಕಲ್ಲ. ಇಬ್ಬರ ಬಿಡ್ ಒಂದೇ ಆದ್ರೆ ಟೇಬಲ್ಲಲ್ಲಿ ಕೆಳಗಿರೋನಿಗೆ.

ಟೀಮಿಂದ ಬಿಟ್ಟ ಆಟಗಾರ ಎರಡು ದಿನ ವೇವರಲ್ಲೇ ಇರ್ಲಿ. ಪ್ಲೇಆಫ್ (ಕೊನೆಯ ನಾಕೌಟ್ ಹಂತ) ತಪ್ಪಿದ ಟೀಮು ಆಮೇಲೆ ಯಾರನ್ನೂ ಬಿಡೋ ಹಂಗಿಲ್ಲ ಅಂತನೂ ಸೇರಿಸಿ, ಸೋತ ಸಿಟ್ಟಿಗೆ ಸ್ಟಾರ್‌ಗಳನ್ನೆಲ್ಲ ಬಿಟ್ಟು ಗೆಳೆಯನ ಬಾಯಿಗೆ ಹಾಕೋ ಮಹಾನುಭಾವರು ಇರ್ತಾರೆ.

ಟ್ರೇಡು, ಜಗಳದ ಮೂಲ

ಟ್ರೇಡನ್ನ, ಅಂದ್ರೆ ಇಬ್ಬರು ತಮ್ಮ ಆಟಗಾರರನ್ನ ಅದಲುಬದಲು ಮಾಡ್ಕೊಳ್ಳೋದನ್ನ, ಲೀಗಿನ ವೋಟಿಗೆ ಹಾಕಿ ತಡೆಯೋ ಪದ್ಧತಿ ಇದೆ, ನಾನು ಅದರ ಪೂರ್ತಿ ವಿರೋಧಿ. ಜನ ಟ್ರೇಡ್ ನ್ಯಾಯವಾಗಿದ್ಯಾ ಅಂತ ನೋಡಲ್ಲ, ಇದರಿಂದ ನನಗೆ ನಷ್ಟನಾ ಅಂತ ನೋಡಿ ವೋಟ್ ಹಾಕ್ತಾರೆ. ಇಬ್ಬರು ವಯಸ್ಕರು ಒಪ್ಪಿದ್ರೆ ಟ್ರೇಡ್ ಆಯ್ತು, ಒಬ್ಬ ದಡ್ಡತನ ಮಾಡಿದ್ರೆ ಅದು ಅವನ ಹಕ್ಕು. ತಡೆಯೋದು ಒಳಸಂಚು ಇದ್ದಾಗ ಮಾತ್ರ, ಅಂದ್ರೆ ಒಬ್ಬ ತನಗೆ ಏನೂ ಪ್ರಯೋಜನ ಇಲ್ದೆ ಇನ್ನೊಬ್ಬನ್ನ ಗೆಲ್ಸೋಕೆ ಕೊಟ್ಟಿದ್ರೆ. ಅದನ್ನ ತೀರ್ಮಾನ ಮಾಡೋದು ಕಮಿಷನರ್ರು, ಇಬ್ಬರಿಗೂ ಈ ಟ್ರೇಡಿಂದ ನಿನ್ನ ಟೀಮಿಗೆ ಏನು ಲಾಭ ಅಂತ ಕೇಳಿ. ಒಂದು ವಾಕ್ಯದಲ್ಲಿ ಉತ್ತರ ಬಂದ್ರೆ ಬಿಟ್ಬಿಡಿ. ಕಮಿಷನರೇ ಆ ಟ್ರೇಡಲ್ಲಿ ಇದ್ರೆ? ಅದಕ್ಕೆ ಸೀಸನ್ ಶುರುವಿಗೇ ಒಬ್ಬ ಉಪ ಕಮಿಷನರನ್ನ ಹೆಸರಿಸಿಡಿ.

ಕೊನೆ ದಿನಾಂಕ 11 ಅಥವಾ 12ನೇ ವಾರ. ಈ ವಾರ ಸಾಲ ಕೊಡು, ಮುಂದಿನ ವಾರ ವಾಪಸ್ ಕೊಡ್ತೀನಿ ಅನ್ನೋ ಥರದ್ದು ನಿಷೇಧ.

ವೇಳಾಪಟ್ಟಿ, ಟೈ, ಪ್ಲೇಆಫ್

2021ರಿಂದ ಎನ್‌ಎಫ್‌ಎಲ್ ಸೀಸನ್ 18 ವಾರ, ಪ್ರತಿ ತಂಡಕ್ಕೆ 17 ಮ್ಯಾಚು, ಒಂದು ವಾರ ಬೈ. ನೀವು 14 ವಾರ ಲೀಗ್, 15ರಿಂದ 17 ಪ್ಲೇಆಫ್ ಇಡಿ. 18ನೇ ವಾರಕ್ಕೆ ಫೈನಲ್ ಇಡಬೇಡಿ, ಆಗ್ಲೇ ಎನ್‌ಎಫ್‌ಎಲ್ ಪ್ಲೇಆಫ್ ಜಾಗ ಖಚಿತ ಮಾಡ್ಕೊಂಡಿರೋ ತಂಡಗಳು ಮುಖ್ಯ ಆಟಗಾರರನ್ನ ಬೆಂಚಲ್ಲಿ ಕೂರಿಸಿರ್ತವೆ, ಹದಿನೇಳು ವಾರ ಕಟ್ಟಿದ ಟೀಮನ್ನ ಫೈನಲಲ್ಲಿ ಆಡ್ಸೋಕೇ ಆಗಲ್ಲ.

8 ಟೀಮಾದ್ರೆ 14 ವಾರದಲ್ಲಿ ಎಲ್ಲರೂ ಎಲ್ಲರ ಜೊತೆ ಸರಿಯಾಗಿ ಎರಡು ಸಲ ಆಡ್ತಾರೆ. 10 ಆದ್ರೆ 5 ಜನರ ಜೊತೆ, 12 ಆದ್ರೆ 3 ಜನರ ಜೊತೆ ಮಾತ್ರ ಎರಡನೇ ಸಲ, ಅಲ್ಲಿ ಅದೃಷ್ಟ ನುಗ್ಗುತ್ತೆ. ವಾರದಲ್ಲಿ ಎರಡನೇ ಅತಿ ಹೆಚ್ಚು ಪಾಯಿಂಟ್ ಹೊಡೆದು ಮೊದಲನೇಯವನ ಕೈಲಿ ಸೋತೋರಿಗೇ ಆ ನೋವು ಗೊತ್ತು. ಅದಕ್ಕೆ ಮದ್ದು, ಪ್ಲೇಆಫ್‌ಗೆ 6 ಟೀಮ್ ತಗೊಂಡು 5 ಜನರನ್ನ ಗೆಲುವಿನ ಮೇಲೆ ಆರಿಸಿ, ಆರನೇ ಜಾಗ ಉಳಿದೋರಲ್ಲಿ ಒಟ್ಟು ಪಾಯಿಂಟ್ ಯಾರದ್ದು ಜಾಸ್ತಿನೋ ಅವರಿಗೆ ಕೊಡಿ. ಮೊದಲ ಎರಡು ಟೀಮಿಗೆ 15ನೇ ವಾರ ರಜೆ.

ಟೈ ಬಗ್ಗೆ ನನ್ನ ರೂಲು: ಲೀಗ್ ಹಂತದ ಮ್ಯಾಚಲ್ಲಿ ಟೈ ಆದ್ರೆ ಟೈಯೇ, ಅರ್ಧ ಗೆಲುವು. ಟೇಬಲ್ಲಲ್ಲಿ ಸಮ ಇದ್ರೆ ಮೊದ್ಲು ಒಟ್ಟು ಪಾಯಿಂಟ್ಸು, ಆಮೇಲೆ ಪರಸ್ಪರ ಆಡಿದ ಮ್ಯಾಚು. ಪ್ಲೇಆಫಲ್ಲಿ ಟೈ ಆದ್ರೆ ಟೇಬಲ್ಲಲ್ಲಿ ಮೇಲಿದ್ದೋನು ಮುಂದೆ ಹೋಗ್ತಾನೆ. ಬೆಂಚ್ ಪಾಯಿಂಟ್ಸನ್ನ ನಾನು ಇಟ್ಟಿಲ್ಲ, ಆಡ್ಸದೇ ಇರೋರನ್ನ ಲೆಕ್ಕಕ್ಕೆ ತಗೊಳ್ಳೋದ್ರಲ್ಲಿ ಅರ್ಥ ಇಲ್ಲ. ಇನ್ನೊಂದು, ಎನ್‌ಎಫ್‌ಎಲ್ ಮ್ಯಾಚ್ ಆದ್ಮೇಲೆ ಅಂಕಿಅಂಶ ತಿದ್ದುತ್ತೆ, ಸೋಮವಾರ ರಾತ್ರಿ ಗೆದ್ದೋನು ಬುಧವಾರ ಸೋತಿರ್ಬಹುದು. ಆ್ಯಪಿನ ಅಂತಿಮ ತಿದ್ದುಪಡಿ ಬಂದ್ಮೇಲೇ ಫಲಿತಾಂಶ ಖಾಯಂ ಅಂತ ಬರೀರಿ, ಬಹುಮಾನನೂ ಅಲ್ಲಿ ತನಕ ಕೊಡಬೇಡಿ.

ಯಾರೂ ಯೋಚಿಸದೇ ಇರೋ ಸಂದರ್ಭಗಳು

2023ರ ಜನವರಿ 2, ಸೋಮವಾರ, 17ನೇ ವಾರ. ಬಿಲ್ಸ್ ಮತ್ತೆ ಬೆಂಗಾಲ್ಸ್ ತಂಡಗಳ ಮ್ಯಾಚು. ಮೊದಲನೇ ಕ್ವಾರ್ಟರಲ್ಲೇ ಬಿಲ್ಸ್‌ನ ಡಮಾರ್ ಹ್ಯಾಮ್ಲಿನ್ ಹೃದಯಸ್ತಂಭನ ಆಗಿ ಮೈದಾನದಲ್ಲೇ ಕುಸಿದ, ಆಟ ನಿಂತ್ಹೋಯ್ತು, ಅದೇ ವಾರ ಎನ್‌ಎಫ್‌ಎಲ್ ಆ ಮ್ಯಾಚನ್ನ ರದ್ದೇ ಮಾಡ್ತು. ಅವನು ಚೇತರಿಸ್ಕೊಂಡು ಮುಂದಿನ ಸೀಸನ್ನಲ್ಲಿ ಮತ್ತೆ ಆಡ್ದ, ಅದಕ್ಕಿಂತ ದೊಡ್ಡ ವಿಷಯ ಇಲ್ಲ, ಆ ರಾತ್ರಿ ಫ್ಯಾಂಟಸಿ ಯಾರಿಗೂ ಬೇಕಿರ್ಲಿಲ್ಲ. ಆದ್ರೆ ಎಷ್ಟೋ ಲೀಗುಗಳ ಫೈನಲ್ ಅವತ್ತೇ ಇತ್ತು, ಜಾಶ್ ಆ್ಯಲನ್, ಜೋ ಬರೋ, ಜಮಾರ್ ಚೇಸ್ ಥರದೋರನ್ನ ಇಟ್ಕೊಂಡಿದ್ದೋರ ಸ್ಕೋರ್ ಅರ್ಧಕ್ಕೇ ನಿಂತಿತ್ತು, ಬಹುಮಾನ ಹಂಚ್ಕೊಳ್ಳೋದಾ ಏನು ಅಂತ ಮಾತಾಡೋಕೂ ಸಂಕೋಚ ಆಗೋ ಹೊತ್ತದು. ರೂಲ್ ಬರೆದಿದ್ದೋರು ಮಾತಾಡೋ ಅಗತ್ಯನೇ ಬೀಳ್ಲಿಲ್ಲ. ನಮ್ಮದರಲ್ಲಿ ಈಗ ಹಿಂಗಿದೆ: ಮ್ಯಾಚ್ ರದ್ದಾದ್ರೆ, ಆ ಮ್ಯಾಚಿನ ಆಟಗಾರರಿಗೆ ಆ ಸೀಸನ್ನಿನ ಅವರ ಸರಾಸರಿ ಪಾಯಿಂಟ್ ಕೊಡೋದು. ನಿಮಗೆ ಬೇರೆ ಇಷ್ಟ ಆದ್ರೆ ಬೇರೆ ಇಡಿ, ಏನಾದ್ರೂ ಒಂದಿರ್ಲಿ.

ಮ್ಯಾಚ್ ಮುಂದೂಡಿದ್ರೂ ಅಷ್ಟೇ. 2020ರಲ್ಲಿ ಕೋವಿಡ್ ಕಾರಣಕ್ಕೆ ರೇವನ್ಸ್–ಸ್ಟೀಲರ್ಸ್ ಮ್ಯಾಚು ಗುರುವಾರದಿಂದ ತಳ್ಕೊಂಡು ತಳ್ಕೊಂಡು ಮುಂದಿನ ಬುಧವಾರಕ್ಕೆ ಹೋಯ್ತು. ಎನ್‌ಎಫ್‌ಎಲ್ ಯಾವ ವಾರದ ಮ್ಯಾಚ್ ಅಂತ ಲೆಕ್ಕ ಹಾಕುತ್ತೋ ಆ ವಾರಕ್ಕೇ ಪಾಯಿಂಟು, ಅಷ್ಟು ಬರೆದ್ರೆ ಸಾಕು.

ಆಮೇಲೆ ಸೋಲ್ತಾ ಸೋಲ್ತಾ ಅಕ್ಟೋಬರಲ್ಲೇ ಟೀಮ್ ನೋಡೋದು ಬಿಡೋರು. ಅವನು ಬೈ ವಾರದ ಆಟಗಾರನ್ನ ಹಂಗೇ ಆಡಿಸಿದ್ರೆ ಎದುರಾಳಿಗೆ ಪುಕ್ಕಟೆ ಗೆಲುವು, ಉಳಿದೋರಿಗೆ ಅನ್ಯಾಯ. ಮೊದಲನೇ ಸಲ ಎಚ್ಚರಿಕೆ, ಎರಡನೇ ಸಲದಿಂದ ಆ್ಯಪಿನ ಅಂದಾಜು ಪಾಯಿಂಟ್ ಪ್ರಕಾರ ಕಮಿಷನರೇ ಟೀಮ್ ಕೂರಿಸ್ತಾರೆ, ಮೂರಾದ್ರೆ ಮುಂದಿನ ವರ್ಷ ಜಾಗ ಇಲ್ಲ. ಕೊನೆ ಸ್ಥಾನದೋನಿಗೆ ಏನಾದ್ರೂ ತಮಾಷೆ ಶಿಕ್ಷೆ ಇಟ್ರೆ ಈ ಸಮಸ್ಯೆ ಅರ್ಧ ಕಮ್ಮಿ ಆಗುತ್ತೆ, ಆದ್ರೆ ಶಿಕ್ಷೆ ಏನು ಅನ್ನೋದನ್ನೂ ಮುಂಚೆನೇ ಎಲ್ಲರೂ ಒಪ್ಪಿರ್ಬೇಕು, ಅವಮಾನ ಆಗೋಂಥದ್ದು ಬೇಡ. ದುಡ್ಡು ಹಾಕ್ತೀರಾದ್ರೆ ನೀವಿರೋ ಕಡೆ ಕಾನೂನು ಏನು ಹೇಳುತ್ತೆ ನೋಡ್ಕೊಳ್ಳಿ, ಡ್ರಾಫ್ಟ್‌ಗೆ ಮುಂಚೆನೇ ಪೂರ್ತಿ ವಸೂಲಿ ಮಾಡಿ, ಸೋತೋನ ಹತ್ರ ಡಿಸೆಂಬರಲ್ಲಿ ಕೇಳೋಕೆ ಹೋದ್ರೆ ಅವನ ಫೋನೇ ಸಿಗಲ್ಲ.

ಬರೆದು ಬೀಗ ಹಾಕಿ

ಇದಿಷ್ಟನ್ನೂ ಎರಡು ಪುಟದ ಡಾಕ್ಯುಮೆಂಟ್ ಮಾಡಿ ಗ್ರೂಪಲ್ಲಿ ಪಿನ್ ಮಾಡಿ. ಒಂದು ವಾರ ಟೈಮ್ ಕೊಡಿ, ತಕರಾರಿದ್ರೆ ಆಗ್ಲೇ ಹೇಳ್ಲಿ, ಆಮೇಲೆ ಪ್ರತಿಯೊಬ್ಬರೂ ಒಪ್ಪಿಗೆ ಅಂತ ಟೈಪ್ ಮಾಡ್ಲಿ, ಥಂಬ್ಸ್ ಅಪ್ ಇಮೋಜಿ ನಡೆಯಲ್ಲ. ರೂಲ್ ಬದಲಾವಣೆ ಸೀಸನ್ ಮುಗಿದ್ಮೇಲೆ ಮಾತ್ರ, ಮೂರನೇ ಎರಡು ಭಾಗ ವೋಟ್ ಬೇಕು, 12 ಜನರಲ್ಲಿ 8. ಸೀಸನ್ ಮಧ್ಯೆ ಬದಲಾಯ್ಸೋದು ಆ್ಯಪ್ ಸೆಟ್ಟಿಂಗ್ ಡಾಕ್ಯುಮೆಂಟಿಗೆ ಹೊಂದದೇ ಇದ್ದಾಗ ಮಾತ್ರ.

ಆ ಕೊನೆ ವಾಕ್ಯ ಯಾಕಂದ್ರೆ, ಆ್ಯಪುಗಳು ತಮ್ಮದೇ ಡಿಫಾಲ್ಟ್ ಇಟ್ಕೊಂಡು ಬರ್ತವೆ, ಇಎಸ್‌ಪಿಎನಲ್ಲಿ ಫುಲ್ ಪಿಪಿಆರ್, ಯಾಹೂನಲ್ಲಿ ಹಾಫ್. ಒಂದು ವರ್ಷ ನಾವು ಆ್ಯಪ್ ಬದಲಾಯ್ಸಿದ್ವಿ, ಡಾಕ್ಯುಮೆಂಟಲ್ಲಿ 0.5 ಇದೆ, ಆ್ಯಪಲ್ಲಿ 1 ಕೂತಿದೆ, ಯಾರೂ ನೋಡಿಲ್ಲ. ಡ್ರಾಫ್ಟ್ ನಾಲ್ಕನೇ ರೌಂಡಲ್ಲಿ ಒಬ್ಬ ಮೆಲ್ಲಗೆ ಕೇಳ್ದ, ಅಲ್ಲಾ ಇದ್ಯಾಕೆ ರಿಸೀವರ್‌ಗಳಿಗೆಲ್ಲ ಇಷ್ಟೊಂದು ಪಾಯಿಂಟ್ ತೋರಿಸ್ತಿದೆ ಅಂತ. ಟೈಮರ್ ನಿಲ್ಸಿ, ಮೂರು ರೌಂಡ್ ಅಳಿಸಿ, ಮತ್ತೆ ಮೊದಲಿಂದ. ಈಗ ಡ್ರಾಫ್ಟಿನ ಹಿಂದಿನ ದಿನ ನಾನೂ ಉಪ ಕಮಿಷನರೂ ಫೋನಲ್ಲಿ ಕೂರ್ತೀವಿ, ಅವನು ಡಾಕ್ಯುಮೆಂಟ್ ಓದ್ತಾನೆ, ನಾನು ಆ್ಯಪಲ್ಲಿ ಒಂದೊಂದೇ ಸೆಟ್ಟಿಂಗ್ ನೋಡಿ ಹೂಂ ಅಂತೀನಿ, ಪ್ರತಿ ಪೇಜಿಂದೂ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕ್ತೀನಿ. ಇಪ್ಪತ್ತು ನಿಮಿಷದ ಕೆಲಸ.